ಹತ್ತು ದಿನದ ವಿಬಿಎಸ್: ಅಡುಗೆಮನೆಗೆ ಪೂರ್ತಿ ಅಂಕ, ಶೀಲ್ಡಿಗೆ ಸೊನ್ನೆ

ಚರ್ಚಿನ ಬೇಸಿಗೆ ಶಾಲೆ ವಿಬಿಎಸ್‌ಗೆ ಫೀಸು ಒಂದು ಮಗುವಿಗೆ 150 ರೂಪಾಯಿ, ಇಬ್ಬರಿಗೆ 300. ಟೀ ಶರ್ಟಿಗೆ ತಲಾ 180 ಬೇರೆ. ಟೀ ಶರ್ಟ್ ಕಡ್ಡಾಯ ಅಲ್ಲ ಎಂದು ಫಾರಂನಲ್ಲಿ ಬರೆದಿತ್ತು. ಆದರೆ ಕೊನೆಯ ದಿನದ ಮೆರವಣಿಗೆಯಲ್ಲಿ ತನ್ನ ಮಗು ಒಂದೇ ಬೇರೆ ಬಣ್ಣದ ಅಂಗಿ ಹಾಕಿ ನಡೆಯಲಿ ಅಂತ ಯಾವ ತಾಯಿ ಒಪ್ಪುತ್ತಾಳೆ? ಒಟ್ಟು 660 ಕೊಟ್ಟು ರಸೀದಿ ತಗೊಂಡೆ.

ಈ ಏಪ್ರಿಲ್‌ನಲ್ಲಿ ಮಕ್ಕಳನ್ನು ಕಳಿಸಿದ ಆ ವಿಬಿಎಸ್ ಹೇಗಿತ್ತು, ನಮ್ಮ ಮಕ್ಕಳನ್ನೂ ಮುಂದಿನ ವರ್ಷ ಕಳಿಸಬಹುದಾ ಎಂದು ಈಗಾಗಲೇ ನಾಲ್ಕು ಜನ ಕೇಳಿದ್ದಾರೆ. ನಾಲ್ಕು ಸಲ ಹೇಳುವುದಕ್ಕಿಂತ ಒಂದು ಸಲ ಬರೆದುಬಿಟ್ಟರೆ ನನಗೂ ಸುಲಭ. ಉಡುಪಿ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚು, ನಡೆಸಿದ್ದು. ಯಾವ ಸಭೆ ಎಂದು ಹೇಳುವುದಿಲ್ಲ. ಹೊಗಳಿಕೆ ಜೊತೆ ಬೈಗುಳವೂ ಇದೆ, ಭಾನುವಾರ ನಾನು ಅದೇ ಬೆಂಚಿನಲ್ಲಿ ಹೋಗಿ ಕೂರಬೇಕು.

ಗೊತ್ತಿಲ್ಲದವರಿಗೆ: ವಿಬಿಎಸ್ (ವೆಕೇಷನ್ ಬೈಬಲ್ ಸ್ಕೂಲ್) ಅಂದರೆ ಬೇಸಿಗೆ ರಜೆಯಲ್ಲಿ ಚರ್ಚಿನವರು ಮಕ್ಕಳಿಗಾಗಿ ನಡೆಸುವ ಸತ್ಯವೇದ ಶಾಲೆ. ಹಾಡು, ಕಥೆ, ಕಂಠಪಾಠ, ಕ್ರಾಫ್ಟ್, ತಿಂಡಿ. 1898ರಲ್ಲಿ ನ್ಯೂಯಾರ್ಕಿನಲ್ಲಿ ಎಲೈಜಾ ಹಾಸ್ ಎಂಬ ಹೆಂಗಸು ಬೇಸಿಗೆಯಲ್ಲಿ ಬೀದಿ ಅಲೆಯುತ್ತಿದ್ದ ಮಕ್ಕಳಿಗೆ ಇಂಥ ಶಾಲೆ ನಡೆಸಿದರು. ಜಾಗ ಸಿಗದೆ ಅವರು ಬಾಡಿಗೆಗೆ ಹಿಡಿದದ್ದು ಬಿಯರ್ ಕುಡಿಯುವ ಒಂದು ಹಾಲ್. ನಮ್ಮಲ್ಲಿ ಸಭಾಭವನಕ್ಕೆ ಫ್ಯಾನ್ ಸಾಲದು ಎಂದು ಗೊಣಗುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಮೊದಲು ನಮ್ಮ ಮನೆ ವಿಷಯ ಹೇಳಿಬಿಡುತ್ತೇನೆ. ನಾನು ಸ್ಟಾಫ್ ನರ್ಸ್. ನಮ್ಮವರು ಮಸ್ಕತ್‌ನಲ್ಲಿದ್ದಾರೆ. ಮನೆಯಲ್ಲಿ ಅತ್ತೆ, ಹನ್ನೊಂದು ವರ್ಷದ ಮಗ, ಏಳು ವರ್ಷದ ಮಗಳು. ಮಗನ ಪೆನ್ಸಿಲ್ ಬಾಕ್ಸಿಗೆ ಬೀಗ ಇದೆ. ತಮಾಷೆ ಅಲ್ಲ, ಸೂಟ್‌ಕೇಸಿಗೆ ಹಾಕುವ ಚಿಕ್ಕ ಬೀಗ. ಕೀ ಅವನ ಕೊರಳಲ್ಲಿ, ಶಿಲುಬೆಯ ಜೊತೆಗೇ ನೇತಾಡುತ್ತದೆ. ಮಗಳು ಎಲ್ಲರಿಗೂ ಎಲ್ಲವನ್ನೂ ಕೊಡುತ್ತಾಳೆ, ಆದರೆ ಕೊಟ್ಟದ್ದನ್ನು ಎಲ್ಲರೂ ನೋಡಿರಬೇಕು. ಬಗ್ಗುವ ಮಕ್ಕಳು, ಕೊಡುವ ಮಕ್ಕಳು, ಮುಂದೆ ಸೇವೆಗೆ ನಿಲ್ಲುವ ಮಕ್ಕಳು ಬೇಕು ಎಂದು ಪ್ರತಿ ಭಾನುವಾರ ನಾವೆಲ್ಲ ಪ್ರಾರ್ಥನೆ ಮಾಡುತ್ತೇವೆ. ಸೋಮವಾರ ಬೆಳಿಗ್ಗೆ ಮನೆಯಲ್ಲಿ ಇರುವವರು ಇವರು. ರಜೆಯಲ್ಲಿ ಬೆಳಿಗ್ಗೆ ಮೂರೂವರೆ ಗಂಟೆ ಇವರನ್ನು ಯಾರಾದರೂ ನೋಡಿಕೊಂಡರೆ ಸಾಕು ಅನ್ನುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಸಮಯ 9ರಿಂದ 12.30. ಈ ವರ್ಷದ ಪಾಠ ಸತ್ಯವೇದದ ಪ್ರವಾದಿ ಸಮುವೇಲನ ಬಾಲ್ಯದ್ದು. ಪಾಠ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಬೇಕು. ಸಮುವೇಲ ಅಂದ ಕೂಡಲೇ ಎಲ್ಲರೂ ರಾತ್ರಿ ದೇವರು ಕರೆದದ್ದನ್ನೇ ಹೇಳುತ್ತಾರೆ. ಈ ಟೀಚರ್ ಬೇರೆ ಕಡೆಯಿಂದ ಶುರು ಮಾಡಿದರು. ಯಾಜಕ ಏಲಿಯ ಸ್ವಂತ ಮಕ್ಕಳು ಹೊಫ್ನಿ, ಫೀನೆಹಾಸ. ಜನ ಯಜ್ಞಕ್ಕೆ ತಂದ ಮಾಂಸ ಬೇಯುತ್ತಿರುವಾಗ ಇವರ ಆಳು ಮೂರು ಮುಳ್ಳಿನ ಕೋಲು ಹಿಡಿದು ಬರುತ್ತಿದ್ದ. ಹಂಡೆಗೆ ಚುಚ್ಚಿದರೆ ಮುಳ್ಳಿಗೆ ಸಿಕ್ಕಿದ್ದೆಲ್ಲ ಯಾಜಕರದು. ಟೀಚರ್ ಒಂದು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಸ್ಪಂಜಿನ ತುಂಡು ಬಿಟ್ಟು, ಮುಳ್ಳುಚಮಚವನ್ನು ಕೋಲಿಗೆ ಕಟ್ಟಿ ಮಕ್ಕಳ ಕೈಗೆ ಕೊಟ್ಟರು. ಅರ್ಧ ಗಂಟೆ ಹಾಲ್ ತುಂಬ ಕಿರುಚಾಟ. ಚರ್ಚಿನ ಒಳಗೇ ಬೆಳೆದ, ದಿನಾ ಪ್ರಾರ್ಥನೆ ಕೇಳಿದ ಮಕ್ಕಳೇ ಹೀಗಾದರು ಎಂದು ಟೀಚರ್ ಹೇಳಿದಾಗ ಹಿಂದೆ ಕೂತಿದ್ದ ನಾವು ಇಬ್ಬರು ಮೂವರು ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅದೇ ಮನೆಯಲ್ಲಿ ಬೆಳೆದ ಸಮುವೇಲನ ಕೆಲಸ ಏನು? ಬೆಳಗಾದ ಮೇಲೆ ದೇವಾಲಯದ ಬಾಗಿಲು ತೆರೆಯುವುದು. ರಾತ್ರಿ ದೇವರ ಧ್ವನಿ ಕೇಳಿದ ಮೇಲೂ ಬೆಳಿಗ್ಗೆ ಎದ್ದು ಬಾಗಿಲು ತೆರೆದ ಎಂದು ಅಲ್ಲಿ ಬರೆದಿದೆ. ಹಾಗಾಗಿ ದೊಡ್ಡ ಮಕ್ಕಳಿಗೆ ಸರದಿ ಹಾಕಿ ಹಾಲಿನ ಹದಿನಾಲ್ಕು ಕಿಟಕಿ, ಮೂರು ಬಾಗಿಲು ತೆಗೆಯುವ ಕೆಲಸ ಕೊಟ್ಟರು. ನಮ್ಮವನ ಸರದಿ ಬಂದ ದಿನ ಎಂಟೂವರೆಗೇ ಹೊರಟ. ಮನೆಯಲ್ಲಿ ಅವನ ರೂಮಿನ ಕಿಟಕಿಯನ್ನು ಈಗಲೂ ನಾನೇ ತೆಗೆಯಬೇಕು, ಅದು ಬೇರೆ ಮಾತು.

ಹಾಡು ಜೋರು, ಸ್ಪೀಕರ್ ಇನ್ನೂ ಜೋರು. ಕ್ರಾಫ್ಟ್ ಸುಮ್ನೆ. ಐಸ್‌ಕ್ರೀಂ ಕಡ್ಡಿಯ ಶಿಲುಬೆ ಮೂರನೇ ದಿನಕ್ಕೆ ಬಿಚ್ಚಿಹೋಯಿತು. ಟೀಚರ್‌ಗಳು ಕೂಗಾಡಲಿಲ್ಲ, ಒಂದು ಕೈಗಂಟೆ ಇಟ್ಟುಕೊಂಡಿದ್ದರು, ಅದನ್ನು ಒಮ್ಮೆ ಬಾರಿಸಿದರೆ ಸಾಕು. ಅದಕ್ಕೆ ನನ್ನ ಮೆಚ್ಚುಗೆ.

ಈಗ ಅಡುಗೆಮನೆ.

ಹಾಲಿನ ಹಿಂದೆ ತಗಡಿನ ಮಾಡಿನ ಒಂದು ಅಡುಗೆಕೋಣೆ. ಅದರ ಯಜಮಾನಿಯನ್ನು ಸಭೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಎಪ್ಪತ್ತು ದಾಟಿದೆ. ಹತ್ತು ವರ್ಷ ಮೇಲ್ಪಟ್ಟ ಎಂಟು ಮಕ್ಕಳನ್ನು ತನಗೆ ಬಿಟ್ಟುಕೊಡಬೇಕು ಎನ್ನುವುದು ಅವರ ಹಟ. ಕಥೆಯ ಸಮಯದಲ್ಲಿ ಮಕ್ಕಳು ಹಾಲಿನಲ್ಲಿ ಇರುತ್ತಾರೆ, ಹಾಡಿನ ಸಮಯದಲ್ಲಿ ಇವರ ಹತ್ತಿರ. ತಟ್ಟೆ ಒರೆಸುವುದು, ಲೋಟ ಜೋಡಿಸುವುದು, ಬಡಿಸುವುದು, ತೊಳೆಯುವುದು. ಯಾರೂ ಕೇಳಿ ಹೋಗುವ ಜಾಗ ಅಲ್ಲ. ನಮ್ಮವನು ಹೋದದ್ದು ಯಾಕೆಂದರೆ ಅವನಿಗೆ ಆಕ್ಷನ್ ಸಾಂಗ್ ಅಂದರೆ ಆಗುವುದಿಲ್ಲ. ಕೈ ಮೇಲೆ ಎತ್ತಿ ಕುಣಿಯುವುದಕ್ಕಿಂತ ತಟ್ಟೆ ತೊಳೆಯುವುದೇ ವಾಸಿ ಎಂದು ಲೆಕ್ಕ ಹಾಕಿದ.

ನಾಲ್ಕನೇ ದಿನ ನಾನು ನೈಟ್ ಡ್ಯೂಟಿ ಮುಗಿಸಿ ಮಗಳನ್ನು ಬಿಡಲು ಹೋದವಳು ಹಾಗೇ ಬಾಣಲೆ ಎದುರು ನಿಂತೆ. ದೊಡ್ಡಮ್ಮನಿಗೆ ಕೈ ಸಾಲುತ್ತಿರಲಿಲ್ಲ. ಅವತ್ತು ಬನ್ಸ್. ಬಾಳೆಹಣ್ಣು ಕಿವುಚಿ ಹಿಂದಿನ ರಾತ್ರಿಯೇ ಕಲಸಿಟ್ಟ ಹಿಟ್ಟು. ತಲಾ ಎರಡರಂತೆ ಲೆಕ್ಕ ಹಾಕಿ 150 ಕರಿದೆವು. ಆದರೆ ಹೊಸ ಮಗುವನ್ನು ಕರೆತಂದರೆ ಹತ್ತು ಪಾಯಿಂಟ್ ಎಂದು ಹಾಲಿನಲ್ಲಿ ಹೇಳಿದ್ದರಿಂದ ಅವತ್ತು 74ರ ಬದಲು 81 ಮಕ್ಕಳು ಬಂದುಬಿಟ್ಟಿದ್ದರು. ಪಾಯಿಂಟ್ ಕೊಡುವವರು ಅಡುಗೆಮನೆಗೆ ಹೇಳುವುದಿಲ್ಲ, ಅಲ್ವಾ!

ನಮ್ಮವನ ಕೈಯಲ್ಲಿ ಬುಟ್ಟಿ. ಒಂದು ಬನ್ಸ್ ಬಾಣಲೆಯಲ್ಲಿ ಚೆಂಡಿನ ಹಾಗೆ ಉಬ್ಬಿತ್ತು, ಉಳಿದವಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಅವನು ಅದನ್ನು ಬುಟ್ಟಿಯ ಅಡಿಗೆ ತಳ್ಳಿ ಮೇಲೆ ಚಿಕ್ಕವನ್ನು ಜೋಡಿಸಿದ್ದನ್ನು ನಾನು ನೋಡಿದೆ. ಬಡಿಸುವವರು ಕೊನೆಗೆ ತಿನ್ನುವುದು ದೊಡ್ಡಮ್ಮನ ಕಾನೂನು. ಕೊನೆಗೆ ಬುಟ್ಟಿಯಲ್ಲಿ ಉಳಿಯುವುದು ಯಾವುದು ಎಂದು ಅವನಿಗೆ ಗೊತ್ತು. ನಾನು ಬಾಯಿ ಬಿಡುವಷ್ಟರಲ್ಲಿ ದೊಡ್ಡಮ್ಮ ಬಂದರು. ಬೈಯಲಿಲ್ಲ. ಒಂದು ಖಾಲಿ ಬುಟ್ಟಿ ತಗೊಂಡರು, ಅವನ ಬುಟ್ಟಿಯನ್ನು ಅದರೊಳಗೆ ಮಗುಚಿದರು. ಅಡಿಯಲ್ಲಿದ್ದದ್ದು ಮೇಲೆ ಬಂತು.

"ಈಗ ಹೋಗು ಮಗಾ. ಮೊದಲು ಎಲ್ರಿಗೂ ಒಂದೊಂದು. ಆಮೇಲೆ ಸಣ್ಣವರ ಕಡೆಯಿಂದ ಇನ್ನೊಂದು ರೌಂಡ್."

ಎರಡನೇ ರೌಂಡಿನಲ್ಲಿ ಹನ್ನೆರಡು ಜನಕ್ಕೆ ಇಲ್ಲವಾಯಿತು. ಬಡಿಸಿದ ಎಂಟು ಮಕ್ಕಳು, ಇಂಟರ್ ಗ್ರೂಪಿನ ನಾಲ್ಕು ದೊಡ್ಡ ಹುಡುಗರು. ಆ ದೊಡ್ಡ ಬನ್ಸ್ ಹೋದದ್ದು ನಮ್ಮವನ ಕ್ಲಾಸಿನ ಒಬ್ಬ ಹುಡುಗನಿಗೆ. ಶಾಲೆಯಲ್ಲಿ ಇಬ್ಬರಿಗೂ ಮಾತಿಲ್ಲ. ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಇಡೀ ದಾರಿ ಅದೇ ಹಾಡು: "ಆ ಮಂಗನಿಗೆ ಹೋಯ್ತಮ್ಮ. ಕರೆಕ್ಟಾಗಿ ಆ ಮಂಗನಿಗೇ!" ನಾನು ಬೋಧನೆ ಮಾಡಲು ಹೋಗಲಿಲ್ಲ. ರಾತ್ರಿ ಇಡೀ ನಿಂತು ಕಾಲು ನೋಯುತ್ತಿತ್ತು, ಬೋಧನೆಗೆ ಶಕ್ತಿ ಇರಲಿಲ್ಲ ಎನ್ನುವುದು ನಿಜವಾದ ಕಾರಣ.

ಎಂಟನೇ ದಿನ ಮತ್ತೆ ಹೋದಾಗ ಗೋಳಿಬಜೆ. ನಾನು ಜಾಲರಿ ಸೌಟಿನಿಂದ ತೆಗೆದು ಬುಟ್ಟಿಗೆ ಹಾಕುತ್ತಿದ್ದೆ. ಅವನು ಬುಟ್ಟಿ ತಗೊಂಡ, ನಿಂತ, ಇನ್ನೊಂದು ಬುಟ್ಟಿ ಹುಡುಕಿ ಅದಕ್ಕೆ ಮಗುಚಿಕೊಂಡು ಹೊರಟ. ಗೋಳಿಬಜೆಯಲ್ಲಿ ದೊಡ್ಡದು ಚಿಕ್ಕದು ಎಂಥದೂ ಇರಲಿಲ್ಲ, ಎಲ್ಲ ಒಂದೇ ಸಮ. ಆದರೂ ಮಗುಚಿದ. ಅಷ್ಟು ಹೊತ್ತಿಗೆ ಕೈಗೆ ಅಭ್ಯಾಸ ಆಗಿತ್ತು ಅಂತ ಕಾಣುತ್ತದೆ. ಬೀಗ ಇನ್ನೂ ಪೆನ್ಸಿಲ್ ಬಾಕ್ಸಿನ ಮೇಲೇ ಇದೆ, ಕೇಳಬೇಡಿ.

ದೊಡ್ಡಮ್ಮನದೇ ಇನ್ನೊಂದು ಕೆಲಸ, ಬಟ್ಟೆಯ ಚೀಲ. ಮೊದಲ ದಿನವೇ ಪ್ರತಿ ಮಗುವಿಗೂ ಒಂದು. ಮನೆಯಲ್ಲಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಮಗು ತನ್ನ ಕೈಯಿಂದ ಒಂದು ಹಿಡಿ ತೆಗೆದು ಈ ಚೀಲಕ್ಕೆ ಹಾಕಬೇಕು. ಮಿಜೋರಾಂನಲ್ಲಿ ಚರ್ಚಿನ ಮನೆಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೀಗೆ ಅಕ್ಕಿ ತೆಗೆದಿಡುತ್ತಾರೆ, ಅದನ್ನು ಮಾರಿ ಬಂದ ಹಣದಲ್ಲಿ ಸುವಾರ್ತೆ ಸಾರುವವರನ್ನು ಸಾಕುತ್ತಾರೆ. ಅಲ್ಲಿಗೇ ಹೋಗಬೇಕಿಲ್ಲ, ನಮ್ಮ ಕಡೆ ಮಠಕ್ಕೆ ಹಿಡಿ ಅಕ್ಕಿ ಎತ್ತಿಡುವ ಮನೆಗಳು ಎಷ್ಟಿಲ್ಲ?

ಅಕ್ಕಿ ಹಾಕುವಾಗ ಅತ್ತೆ ಅಳತೆ ನೋಡಿ, "ಇದೆಂಥ ಹಿಡಿ, ಗುಬ್ಬಿಗೂ ಸಾಲುದಿಲ್ಲ, ನಾನು ಹಾಕ್ತೇನೆ ಬಾ" ಅಂದರು. ಮಗಳು ಬಿಡಲಿಲ್ಲ. ನನ್ನ ಚೀಲ, ನನ್ನ ಕೈ. ಅವಳ ಹಿಡಿ ಎಷ್ಟು ಅಂತ ಆಮೇಲೆ ಕುತೂಹಲಕ್ಕೆ ತೂಕ ಮಾಡಿದೆ, 22 ಗ್ರಾಂ. ಹತ್ತು ದಿನ, ದಿನಕ್ಕೆ ಎರಡು ಸಲ. ಅರ್ಧ ಕಿಲೋ ಕೂಡ ಆಗುವುದಿಲ್ಲ. ದೊಡ್ಡಮ್ಮನಿಗೆ ಅದರ ಚಿಂತೆ ಇರಲಿಲ್ಲ. ಅವರ ಚಿಂತೆ ಬೇರೆ: ಕುಚ್ಚಲಕ್ಕಿ ಮತ್ತು ಬೆಳ್ತಿಗೆ (ಬಿಳಿ) ಅಕ್ಕಿ ಬೆರೆಯಬಾರದು. ಬೆರೆತರೆ ಒಂದು ಬೆಂದಿರುವುದಿಲ್ಲ, ಇನ್ನೊಂದು ಮುದ್ದೆ ಆಗಿರುತ್ತದೆ. ಅದಕ್ಕೆ ಎರಡು ಡಬ್ಬ. ಯಾವ ಮಗು ಬೆರೆಸಿ ತಂದಿದೆಯೋ ಅದು ಮೊರ ಹಿಡಿದು ಕೂತು ಬೇರೆ ಮಾಡಬೇಕು. "ಕೊಟ್ಟರೆ ತಿನ್ನುವ ಹಾಗೆ ಕೊಡ್ಬೇಕು. ನಮಗೆ ಬೇಡದ್ದನ್ನು ಕೊಡುದಕ್ಕೆ ಗೋಣಿ ಉಂಟಲ್ಲ, ಕಸದ್ದು." ಹರಿದ ಬಟ್ಟೆ, ಕಿವಿ ಮುರಿದ ಆಟಿಕೆ ತಂದು ದಾನ ಅಂತ ಒಪ್ಪಿಸುವ ನಮ್ಮ ಬೆಳೆ ಹಬ್ಬದ ಕೌಂಟರಿನಲ್ಲೂ ಇವರನ್ನೇ ಕೂರಿಸಬೇಕು.

ಅಕ್ಕಿ ಯಾರಿಗೆ ಹೋಗುತ್ತದೆ ಎಂದು ಮಕ್ಕಳು ದಿನಾ ಕೇಳುತ್ತಿದ್ದರು. ದೊಡ್ಡಮ್ಮ ದಿನಾ ಒಂದೇ ಉತ್ತರ ಕೊಡುತ್ತಿದ್ದರು, "ಹಸಿವಾದವರಿಗೆ." ಯಾರು, ಯಾವ ಮನೆ, ಯಾವ ಊರು, ಒಂದೂ ಹೇಳಲಿಲ್ಲ. ಸಂಜೆ ಕತ್ತಲಾದ ಮೇಲೆ ಅವರೇ ರಿಕ್ಷಾದಲ್ಲಿ ತಗೊಂಡು ಹೋಗಿ ಕೊಟ್ಟು ಬಂದರಂತೆ. ಇದು ನನಗೆ ಗೊತ್ತಾದದ್ದು ರಿಕ್ಷಾದವನಿಂದ.

ಇನ್ನು ಬೈಗುಳ.

ಹಾಲಿನ ಗೋಡೆಗೆ ಒಂದು ಚಾರ್ಟ್. ಬಿಗಿನರ್, ಪ್ರೈಮರಿ, ಜೂನಿಯರ್, ಇಂಟರ್. ಹಾಜರಿಗೆ ಪಾಯಿಂಟ್, ಕಂಠಪಾಠಕ್ಕೆ ಪಾಯಿಂಟ್, ಹೊಸ ಮಗುವಿಗೆ ಪಾಯಿಂಟ್. ಇಲ್ಲಿವರೆಗೆ ಸರಿ. ಕಾಣಿಕೆಗೂ ಪಾಯಿಂಟ್! ಯಾವ ಗ್ರೂಪಿನ ಕಾಣಿಕೆ ಜಾಸ್ತಿಯೋ ಅದಕ್ಕೆ ಕೊನೆಯ ದಿನ ಶೀಲ್ಡ್. ಪ್ರತಿ ದಿನ ಕಾಣಿಕೆ ಎಣಿಸಿ ಗ್ರೂಪಿನ ಹೆಸರಿನ ಎದುರು ಬಣ್ಣದ ಪಟ್ಟಿ ಏರಿಸುತ್ತಿದ್ದರು.

ಆರನೇ ದಿನದ ಕಥೆ ವಿಧವೆಯ ಎರಡು ಕಾಸು. ಯೇಸು ಕಾಣಿಕೆ ಪೆಟ್ಟಿಗೆ ಎದುರು ಕೂತು ಯಾರು ಎಷ್ಟು ಹಾಕುತ್ತಾರೆ ಎಂದು ನೋಡುತ್ತಿದ್ದರು, ಐಶ್ವರ್ಯವಂತರು ಬಹಳ ಹಾಕಿದರು, ಇವಳು ಎರಡೇ ಕಾಸು ಹಾಕಿದಳು, ಎಲ್ಲರಿಗಿಂತ ಇವಳೇ ಹೆಚ್ಚು ಹಾಕಿದಳು ಎಂದರು. ಕಥೆ ಮುಗಿಯಿತು, ಪ್ರಾರ್ಥನೆ ಆಯಿತು, ತಕ್ಷಣ ಮೈಕಿನಲ್ಲಿ: "ಇವತ್ತು ಜೂನಿಯರ್ ಬಾಯ್ಸ್ ಮುಂದೆ ಇದ್ದಾರೆ, ಚಪ್ಪಾಳೆ!" ಆ ಗ್ರೂಪಿನ ಒಬ್ಬ ಹುಡುಗನಿಗೆ ದುಬೈಯಿಂದ ಬಂದ ಮಾವ 500ರ ನೋಟು ಕೊಟ್ಟಿದ್ದರು. ನಾನು ಹಿಂದೆ ನಿಂತು ನಗಲೋ ಅಳಲೋ ಎಂದು ನೋಡುತ್ತಿದ್ದೆ.

ನಗು ಮನೆಗೆ ಬಂದ ಮೇಲೆ ನಿಂತಿತು. ಮಗಳದು ಪ್ರೈಮರಿ, ಅವರ ಪಟ್ಟಿ ಕೆಳಗಿತ್ತು. ದಿನಾ ನಾನು ಕೊಡುತ್ತಿದ್ದದ್ದು ಐದು ರೂಪಾಯಿ. ಏಳನೇ ದಿನ ಬೆಳಿಗ್ಗೆ ಅತ್ತೆ ಎಲೆ ಅಡಿಕೆ ಡಬ್ಬಿ ತೆಗೆದರೆ ಸುಣ್ಣದ ಕೆಳಗೆ ಮಡಚಿಟ್ಟಿದ್ದ 20ರ ನೋಟು ಇಲ್ಲ. ಕೇಳಿದರೆ ಮಗಳು ಒಂದು ಕ್ಷಣವೂ ತಡೆಯದೆ ಹೇಳಿದಳು, "ದೇವರಿಗೆ ಹಾಕ್ಲಿಕ್ಕೆ ತಗೊಂಡೆ." ಮುಖದಲ್ಲಿ ತಪ್ಪು ಮಾಡಿದ ಲಕ್ಷಣವೇ ಇಲ್ಲ. ಅತ್ತೆ ಕೋಲು ಹುಡುಕುತ್ತಾರೆ ಅಂದುಕೊಂಡೆ. ಅವರು ಕಟ್ಟಿಸಿದ ಹಲ್ಲು ಕೈಯಲ್ಲಿ ಹಿಡಿದುಕೊಳ್ಳುವಷ್ಟು ನಕ್ಕರು. "ದೇವರಿಗೆ ಕದ್ದದ್ದಾ? ಏ ಮಾರಾಯ್ತಿ, ದೇವರು ಕೇಳಿದ್ರಾ ನಿನ್ನತ್ರ?"

"ದೇವರಲ್ಲ. ಟೀಚರ್ ಕೇಳಿದ್ದು."

ನೋಟಿನ ತುದಿಗೆ ಸುಣ್ಣ ಹತ್ತಿತ್ತು. ಬ್ಯಾಗಿನಿಂದ ತೆಗೆದು ಅಜ್ಜಿಗೆ ವಾಪಸ್ ಕೊಡಿಸಿದೆ. ಅವಳು ಅತ್ತದ್ದು ಕದ್ದದ್ದಕ್ಕಲ್ಲ, ಪ್ರೈಮರಿ ಸೋಲುತ್ತದಲ್ಲ ಎಂದು. ಅವತ್ತೇ ಉಸ್ತುವಾರಿ ಅಣ್ಣನ ಹತ್ತಿರ ಹೋಗಿ ಹೇಳಿದೆ. ಒಳ್ಳೆಯ ಹುಡುಗ, ಕೇಳಿಸಿಕೊಂಡ. "ಅಕ್ಕಾ, ಮಕ್ಕಳಿಗೆ ಉತ್ಸಾಹ ಬರ್ಬೇಕಲ್ಲ, ಮುಂಚಿಂದ ಹೀಗೇ ನಡ್ಕೊಂಡು ಬಂದದ್ದು" ಅಂದ. ಮುಂಚಿಂದ ಅನ್ನುವುದು ನಿಜ. ನಾನೂ ಚಿಕ್ಕವಳಿದ್ದಾಗ ಆ ಶೀಲ್ಡ್ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡಿದ್ದೇನೆ. ಅದು ಯಾರ ದುಡ್ಡು ಅಂತ ಈಗ ನೆನಪಿಲ್ಲ.

ಎರಡನೇ ತಕರಾರು ಒಂಬತ್ತನೇ ದಿನದ್ದು. ಎಲ್ಲರೂ ಕಣ್ಣು ಮುಚ್ಚಿ, ಸಮುವೇಲನ ಹಾಗೆ ದೇವರ ಸೇವೆಗೆ ನನ್ನನ್ನೇ ಕೊಡುತ್ತೇನೆ ಎನ್ನುವವರು ಕೈ ಎತ್ತಿ ಎಂದರು. ಮಗಳು ಎತ್ತಿದಳು. ಏಳು ವರ್ಷದ ಮಕ್ಕಳು ಯಾವುದಕ್ಕೆ ಕೈ ಎತ್ತುವುದಿಲ್ಲ? ರಾತ್ರಿ ಮಲಗುವಾಗ ನನ್ನ ನೈಟಿಯ ತುದಿ ಹಿಡಿದುಕೊಂಡು ಕೇಳಿದಳು, "ನಾಳೆ ನನ್ನನ್ನು ಅಲ್ಲೇ ಬಿಟ್ಟು ಬರ್ತೀಯಾ?"

ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಹೊಳೆಯಿತು. ಸಮುವೇಲನ ತಾಯಿ ಹನ್ನ ಹಾಲು ಬಿಡಿಸಿದ ಮೇಲೆ ಮಗನನ್ನು ಶೀಲೋವಿನ ದೇವಾಲಯಕ್ಕೆ ಕರಕೊಂಡು ಹೋಗಿ ಬಿಟ್ಟು ಬಂದಳು, ಅಲ್ವಾ? ಕಥೆ ಕೇಳಿದ ಮಗು ಲೆಕ್ಕ ಸರಿಯಾಗಿಯೇ ಹಾಕಿತ್ತು. ನಾವು ದೊಡ್ಡವರು ಆ ಭಾಗವನ್ನು ಎಷ್ಟು ಸಲ ಓದಿದರೂ ನಮಗೆ ಅದು ತಾಯಿಯ ತ್ಯಾಗದ ಕಥೆ. ಹಾಸಿಗೆಯಲ್ಲಿರುವ ಮಗುವಿಗೆ ಅದು ಬೇರೆಯೇ ಕಥೆ. ಆಮೇಲೆ ನನಗೆ ಸಹಾಯಕ್ಕೆ ಬಂದದ್ದು ಅದೇ ಟೀಚರ್ ಹೇಳಿದ್ದ ಒಂದು ಸಂಗತಿ. ಹನ್ನ ಪ್ರತಿ ವರ್ಷ ಒಂದು ಚಿಕ್ಕ ನಿಲುವಂಗಿ ಹೊಲಿದು ಮಗನಿಗೆ ತಗೊಂಡು ಹೋಗುತ್ತಿದ್ದಳು. ಅಳತೆ ಹೇಗೆ ಗೊತ್ತಾಗುತ್ತಿತ್ತು, ಮಗು ಬೆಳೆದಿರುತ್ತದಲ್ಲ ಎಂದು ಮಗಳು ಕೇಳಿದಳು. ಅಂದಾಜು ಮಾಡಿ ಸ್ವಲ್ಪ ದೊಡ್ಡದೇ ಹೊಲಿಯುತ್ತಿದ್ದಳೇನೋ ಅಂದೆ. ಅಷ್ಟರ ಮೇಲೆ ನಿದ್ದೆ ಬಂತು ಅವಳಿಗೆ. ನನಗೆ ಬರಲಿಲ್ಲ. ಹತ್ತು ವರ್ಷದ ಕೆಳಗಿನವರ ಕೈ ಎತ್ತಿಸಬೇಡಿ ಎಂದು ಸಭಾಪಾಲಕರಿಗೆ ಹೇಳಿದ್ದೇನೆ. ಮುಂದಿನ ವರ್ಷ ನೋಡುತ್ತೇವೆ ಎಂದಿದ್ದಾರೆ.

ಸೇವೆ ಅಂದರೆ ಏನು ಎಂದು ಹೇಳಲು ಅವರ ಹತ್ತಿರ ಒಳ್ಳೆಯ ಕಥೆ ಇರಲಿಲ್ಲವೇ? ಇತ್ತು, ಏಳನೇ ದಿನವೇ ಹೇಳಿದ್ದರು. ಸ್ವಿಟ್ಜರ್ಲೆಂಡಿನ ಡಾಕ್ಟರ್ ಎವಾ ಲೊಂಬಾರ್ಡ್, 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ಶುರು ಮಾಡಿದವರು. ಅವರ ಹೆಸರಿನಲ್ಲೇ ಇವತ್ತಿಗೂ ಆಸ್ಪತ್ರೆ ನಡೆಯುತ್ತಿದೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. "ನಿಮ್ಮಲ್ಲಿ ಯಾರೆಲ್ಲ ಅಲ್ಲಿ ಹುಟ್ಟಿದ್ದು?" ಎಂದು ಟೀಚರ್ ಕೇಳಿದಾಗ ಹತ್ತಿಪ್ಪತ್ತು ಕೈ ಮೇಲೆ ಬಂದವು. ಅದೂ ಕೈ ಎತ್ತಿಸುವುದೇ, ಆದರೆ ಅದಕ್ಕೆ ಯಾರೂ ರಾತ್ರಿ ಅಳಲಿಲ್ಲ.

ಅದೇ ಪಾಠದಲ್ಲಿ ಸ್ವಿಟ್ಜರ್ಲೆಂಡಿನ ಮಿಷನರಿ ಸಂಘ ಬಾಸೆಲ್ ಮಿಷನ್ ವಿಷಯವೂ ಬಂತು. 1834ರಲ್ಲಿ ಮೂರು ಜನ ಮಂಗಳೂರಿಗೆ ಬಂದವರು. ಇವರಿಗೆಲ್ಲ ದುಡ್ಡು ಎಲ್ಲಿಂದ ಬಂತು ಎಂದು ಒಬ್ಬ ಹುಡುಗ ಕೇಳಿದ. 1855ರಿಂದ ಅಲ್ಲಿನ ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಚಿಕ್ಕ ನಾಣ್ಯ ಮಿಷನ್ನಿಗೆ ಎತ್ತಿಡುತ್ತಿದ್ದರು ಎಂದು ಟೀಚರ್ ಹೇಳಿದರು. ಹಿಡಿ ಅಕ್ಕಿಯ ಹಾಗೇ. ಇಲ್ಲಿಗೆ ನಿಲ್ಲಿಸಿದರು. ನನಗೆ ಅದರ ಮುಂದಿನದೂ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತೇನೆ.

ನನ್ನ ತಂಗಿ ಜರ್ಮನಿಯಲ್ಲಿ ನರ್ಸ್. ಅಲ್ಲಿನ ಒಂದು ಮ್ಯೂಸಿಯಂನಲ್ಲಿ ನೋಡಿದ ಕಾಣಿಕೆ ಪೆಟ್ಟಿಗೆಯ ಫೋಟೋ ಕಳಿಸಿದ್ದಳು. ಹಿಂದೆ ಆ ಕಡೆಯ ಸಂಡೇ ಸ್ಕೂಲುಗಳಲ್ಲಿ ಇಡುತ್ತಿದ್ದದ್ದು. ಪೆಟ್ಟಿಗೆ ಮೇಲೆ ಮಂಡಿಯೂರಿ ಕೂತ ಕಪ್ಪು ಬಣ್ಣದ ಮಗುವಿನ ಗೊಂಬೆ. ಮಕ್ಕಳು ನಾಣ್ಯ ಹಾಕಿದರೆ ಗೊಂಬೆ ತಲೆ ಬಾಗಿಸಿ ಬಾಗಿಸಿ ಥ್ಯಾಂಕ್ಸ್ ಹೇಳುತ್ತದೆ. ಮಕ್ಕಳಿಗೆ ಬಹಳ ಇಷ್ಟವಂತೆ, ಗೊಂಬೆ ಬಾಗುವುದನ್ನು ನೋಡಲೆಂದೇ ಇನ್ನೊಂದು ನಾಣ್ಯ ಕೇಳುತ್ತಿದ್ದರಂತೆ. "ಅಕ್ಕಾ, ಆ ಕಾಲದಲ್ಲಿ ಹುಟ್ಟಿದ್ದರೆ ಈ ಗೊಂಬೆ ನಾವೇ" ಎಂದು ಕೆಳಗೆ ಬರೆದಿದ್ದಳು.

ಹತ್ತನೇ ದಿನ ಬೆಳಿಗ್ಗೆ ಆ ಫೋಟೋ ನೆನಪಾಯಿತು. ಮೆರವಣಿಗೆಗೆ ಮೊದಲು ಮಕ್ಕಳನ್ನು ಒಂದು ಆಸ್ಪತ್ರೆಗೆ ಹಣ್ಣು ಹಂಚಲು ಕರಕೊಂಡು ಹೋದರು. ಜನರಲ್ ವಾರ್ಡ್. ಪ್ರತಿ ಬೆಡ್ಡಿಗೂ ಎರಡು ಬಾಳೆಹಣ್ಣು, ಒಂದು ಬ್ರೆಡ್ಡು, ಒಂದು ಕರಪತ್ರ. ನಾನು ಜೊತೆಗೆ ಹೋಗಿದ್ದೆ, ಆದರೆ ವಾರ್ಡಿನಲ್ಲಿ ನಿಂತಾಗ ನಾನು ತಾಯಿಗಿಂತ ಮೊದಲು ನರ್ಸ್. ಡಯಾಬಿಟಿಸ್ ಇರುವವರಿಗೂ ಅದೇ ಎರಡು ಬಾಳೆಹಣ್ಣು. ಇರಲಿ. ಒಬ್ಬ ಅಜ್ಜಿ, ಕಾಲಿಗೆ ಬ್ಯಾಂಡೇಜ್. ಮಗು ಹಣ್ಣು ಕೊಟ್ಟಿತು, ಅಜ್ಜಿ ತಗೊಂಡು ದಿಂಬಿನ ಪಕ್ಕ ಇಟ್ಟರು. ಮೊಬೈಲ್ ಹಿಡಿದವರಿಗೆ ಫೋಟೋ ಸರಿ ಬರಲಿಲ್ಲ. "ಅಜ್ಜೀ, ಇನ್ನೊಂದ್ಸಲ ತಗೊಳ್ಳಿ, ಈ ಕಡೆ ನೋಡಿ" ಅಂದರು. ಅಜ್ಜಿ ಹಣ್ಣನ್ನು ವಾಪಸ್ ಮಗುವಿನ ಕೈಗೆ ಕೊಟ್ಟು, ಜಾರಿದ್ದ ಸೆರಗನ್ನು ಎಳೆದುಕೊಂಡು, ಮತ್ತೆ ಎರಡೂ ಕೈ ಚಾಚಿದರು. ತಲೆಯನ್ನೂ ಸ್ವಲ್ಪ ಬಾಗಿಸಿದರು. ಯಾರೂ ಬಾಗಿ ಅಂತ ಹೇಳಿರಲಿಲ್ಲ.

ನನ್ನ ಮಗ ಪಕ್ಕದ ಬೆಡ್ಡಿನ ಹತ್ತಿರ ಬ್ರೆಡ್ ಹಿಡಿದು ನಿಂತಿದ್ದ. ಅವನ ಫೋಟೋ ಒಂದೂ ಇಲ್ಲ. ಯಾಕೆ ಎಂದು ಆಮೇಲೆ ಕೇಳಿದೆ. "ದೊಡ್ಡಮ್ಮ ಹೇಳಿದ್ದಾರೆ, ಬಡಿಸುವಾಗ ತಟ್ಟೆ ನೋಡ್ಬೇಕು, ಮುಖ ನೋಡ್ಬಾರ್ದು ಅಂತ. ಬ್ರೆಡ್ ಇಟ್ಟು ಬಂದೆ" ಅಂದ. ಅದು ಭಕ್ತಿಯೋ, ಫೋಟೋಗೆ ನಾಚಿಕೆಯೋ ನನಗೆ ಗೊತ್ತಿಲ್ಲ. ಎರಡನೆಯದೇ ಇರಬೇಕು. ಮಗಳು ಮೂರು ಫೋಟೋದಲ್ಲಿದ್ದಾಳೆ, ಮೂರರಲ್ಲೂ ಕ್ಯಾಮೆರಾ ನೋಡಿ ನಕ್ಕಿದ್ದಾಳೆ.

ಈ ವಿಷಯವನ್ನೂ ಹೇಳಿದೆ. ಫೋಟೋ ಇಲ್ಲದಿದ್ದರೆ ಖರ್ಚು ಕೊಟ್ಟವರಿಗೆ ತೋರಿಸುವುದು ಏನು ಎಂಬ ಪ್ರಶ್ನೆ ಬಂತು. ಪ್ರಶ್ನೆ ಸುಳ್ಳಲ್ಲ. ಹಣ್ಣಿಗೆ ಯಾರೋ ದುಡ್ಡು ಕೊಟ್ಟಿರುತ್ತಾರೆ, ಅವರಿಗೆ ಲೆಕ್ಕ ಬೇಕು. ಹಾಗಾದರೆ ಹಣ್ಣಿನ ಅಂಗಡಿಯ ಬಿಲ್ ಕಳಿಸಿ ಅಂದೆ. ಯಾರಿಗೂ ಅದು ಇಷ್ಟ ಆದ ಹಾಗೆ ಕಾಣಲಿಲ್ಲ.

ಶೀಲ್ಡ್ ಜೂನಿಯರ್ ಬಾಯ್ಸ್‌ಗೇ ಹೋಯಿತು. ಮೆರವಣಿಗೆ ಚೆನ್ನಾಗಿತ್ತು, ಬಿಸಿಲು ಕೆಟ್ಟದಾಗಿತ್ತು, ಕೊನೆಗೆ ಪುನರ್ಪುಳಿ ಶರಬತ್ತು ಕೊಟ್ಟರು, ಎರಡನೇ ಲೋಟ ಕೇಳಿದವರಿಗೂ ಇಲ್ಲ ಅನ್ನಲಿಲ್ಲ. ಟೀ ಶರ್ಟ್ ಎರಡನೇ ಒಗೆತಕ್ಕೆ ಬಣ್ಣ ಬಿಟ್ಟಿತು. ಸರ್ಟಿಫಿಕೇಟಿನಲ್ಲಿ ಮಗಳ ಹೆಸರು ತಪ್ಪು ಬರೆದಿದ್ದಾರೆ.

ಐದರಲ್ಲಿ ಎಷ್ಟು ಕೊಡುತ್ತೀಯ ಎಂದರೆ ಮೂರೂವರೆ. ಕಥೆ ಹೇಳಿದ ಟೀಚರ್‌ಗೆ ಒಂದೂವರೆ, ಅಡುಗೆಮನೆಗೆ ಎರಡು. ಉಳಿದದ್ದಕ್ಕೆ ಈ ವರ್ಷ ಏನೂ ಇಲ್ಲ. ಮುಂದಿನ ವರ್ಷ ಮಗನನ್ನು ಖಂಡಿತ ಕಳಿಸುತ್ತೇನೆ. ಮಗಳಿಗೆ ಆಗ ಎಂಟು, ಅಡುಗೆಮನೆಗೆ ಇನ್ನೂ ಎರಡು ವರ್ಷ ಇದೆ. ಅಲ್ಲಿವರೆಗೆ ದಿನಾ ಐದೇ ರೂಪಾಯಿ ಕೊಟ್ಟು, ಅತ್ತೆಯ ಡಬ್ಬಿಯನ್ನು ಕಪಾಟಿನ ಮೇಲೆ ಇಡುವುದು.

ನೀವು ಕಳಿಸುವುದಾದರೆ ಒಂದು ಮಾತು. ಮಗುವಿಗೆ ಹತ್ತು ವರ್ಷ ಆಗಿದ್ದರೆ ರಿಜಿಸ್ಟ್ರೇಷನ್ ಮಾಡುವಾಗಲೇ ಅಡುಗೆಮನೆ ಎಂದು ಹೇಳಿ. ಫಾರಂನಲ್ಲಿ ಆ ಕಾಲಂ ಇಲ್ಲ, ಬಾಯಲ್ಲೇ ಹೇಳಬೇಕು. ಎಂಟೇ ಸೀಟು. ಹಳೆಯ ಅಂಗಿ ಹಾಕಿ ಕಳಿಸಿ, ಎಣ್ಣೆ ಕಲೆ ಏನು ಮಾಡಿದರೂ ಹೋಗುವುದಿಲ್ಲ.